ರುದ್ರೇಶ ನೋಡಿದ ನಕಾಶೆ

ಹೊಟ್ಟೆಕಿಚ್ಚಿಗೂ ಡಿಗ್ರಿ ಕೊಡುವಂತಿದ್ದರೆ ಶಿಗ್ಗಾಂವಿಯ ಆರ್ಕಿಟೆಕ್ಟ್ ರುದ್ರೇಶನಿಗೆ ಮೊದಲ ರ್‍ಯಾಂಕು ಗ್ಯಾರಂಟಿ. ಹೆದ್ದಾರಿ ಪಕ್ಕದ ಗಾಜಿನ ಕಟ್ಟಡಗಳಲ್ಲಿ ಅರ್ಧಕ್ಕರ್ಧ ಅವನವೇ. ಕರೆಂಟು ಹೋದರೆ ಒಳಗಿದ್ದವರು ಬೆಂದು ಹೋಗುತ್ತಾರೆ, ಆ ಮಾತು ಬೇರೆ. ಈಗ ಮಾತ್ರ ಎಲ್ಲರ ಬಾಯಲ್ಲೂ ನೇತ್ರಾಳ ಹೆಸರು. ಅವನ ಆಫೀಸಿನಲ್ಲೇ ಗೆರೆ ಎಳೆದು ಕಲಿತವಳು. ಹೊರಗೆ ಬಂದವಳೇ ಮಣ್ಣಿನ ಇಟ್ಟಿಗೆ, ಮಳೆನೀರಿನ ಟಾಕಿ, ಗಾಳಿಯಾಡುವ ಗೋಡೆ ಎಂದು ಶುರು ಹಚ್ಚಿಕೊಂಡಳು. ರುದ್ರೇಶ ನಕ್ಕ. ಅವಳು ಸವಣೂರಿನಲ್ಲಿ ಒಂದು ಗ್ರಂಥಾಲಯ ಕಟ್ಟಿದ ಮೇಲೆ ಆ ನಗು ನಿಂತಿತು. ಹಾನಗಲ್ಲಿನ ಹೊಸ ಸಂತೆಕಟ್ಟೆಯ ಕೆಲಸವೂ ಅವನ ಕೈತಪ್ಪಿ ಅವಳಿಗೇ ಹೋದಾಗ ಅವನಿಗೆ ಊಟ ಸೇರಲಿಲ್ಲ.

ಅವಳೋ, ನಕಾಶೆಗೆ ಅರಿಷಿಣ ಕುಂಕುಮ ಹಚ್ಚಿ, ಎಲೆ ಅಡಿಕೆ ಕಾಯಿ ಹಿಡಿದುಕೊಂಡು ಸೀದಾ ಗುರುವಿನ ಹತ್ತಿರವೇ ಬಂದಳು.

“ಸರ್, ಕೆಲಸ ಚಾಲೂ ಮಾಡೂಕಿಂತ ಮೊದ್ಲ ನೀವೊಮ್ಮೆ ಕಣ್ಣಾಡಿಸ್ರಿ. ತಪ್ಪಿದ್ರ ಹೇಳ್ರಿ.”

ತಪ್ಪಿತ್ತು. ಚಾವಣಿಯ ನೀರನ್ನು ಟಾಕಿಗೆ ಒಯ್ಯುವ ಕಾಲುವೆ ಮೂಲೆಯಲ್ಲಿ ತಿರುಗುವ ಕಡೆ ತೀರ ಇಕ್ಕಟ್ಟಾಗಿತ್ತು. ದೊಡ್ಡ ಮಳೆ ಬಂದರೆ ನೀರು ಉಕ್ಕಿ ಕಟ್ಟೆಗೆ ನುಗ್ಗುವುದು ಖಾತ್ರಿ. ರುದ್ರೇಶನಿಗೆ ಒಂದೇ ನೋಟಕ್ಕೆ ಕಂಡಿತು. ಹಾಲು ಕುಡಿದಷ್ಟು ಸಂತೋಷವಾಯಿತು.

“ಭಾಳ ಚೊಲೋ ಐತಿ,” ಎಂದ.

ಕಟ್ಟೆ ಎದ್ದಿತು, ಮುಂಗಾರು ಬಂತು. ಸಂತೆಯ ದಿನವೇ ಜೋರು ಮಳೆ ಹೊಡೆದಾಗ ರುದ್ರೇಶ ಕಾರು ಹತ್ತಿ ಹಾನಗಲ್ಲಿಗೆ ಓಡಿದ. ಎಣಿಸಿದ ಹಾಗೇ ಆಗಿತ್ತು. ಕಾಲುವೆ ಉಕ್ಕಿ, ಸೊಪ್ಪಿನ ಸಿವುಡುಗಳು ನೀರಲ್ಲಿ ತೇಲುತ್ತಿದ್ದವು. ನೇತ್ರಾ ಬೈಸಿಕೊಳ್ಳುವುದನ್ನು ಕಣ್ಣಾರೆ ನೋಡಬೇಕಿತ್ತು ಅವನಿಗೆ.

“ಇದನ್ನ ಕಟ್ಟಿದವರಿಗೆ ಏನೂ ಅನ್ನಲಿಲ್ಲೇನಬೇ?” ಎಂದು ಸೊಪ್ಪು ಮಾರುವ ಸಾವಂತ್ರವ್ವನನ್ನು ಕೆಣಕಿದ.

“ಏನಂತ ಬೈಯೂದ್ರಿ? ತಪ್ಪು ನಂದ ಅಂತ ಮುಂಜಾನಿಂದ ನೀರಾಗ ನಿಂತು ಗೋರಾಕತ್ತಾಳ.”

ಸೀರೆ ಎತ್ತಿ ಕಟ್ಟಿದ್ದ ನೇತ್ರಾ ಅವನನ್ನು ಕಂಡು ಬುಟ್ಟಿ ಕೆಳಗಿಟ್ಟು ಬಂದಳು. ಆ ನೀರಲ್ಲೂ ಅವಳು ಸೋತವಳಂತೆ ಕಾಣಲಿಲ್ಲ. ಅದನ್ನು ನೋಡಿ ರುದ್ರೇಶನಿಗೆ ಮೈಯೆಲ್ಲ ಉರಿಯಿತು.

“ಸರ್, ಅವತ್ತು ನಕಾಶೆದಾಗ ಈ ತಿರುವು ನಿಮಗ ಕಂಡಿತ್ತೇನ್ರಿ?”

ಕಂಡಿತ್ತು ಎಂದರೆ ನೀಚನಾಗಬೇಕು. ಕಂಡಿರಲಿಲ್ಲ ಎಂದರೆ ದಡ್ಡನಾಗಬೇಕು. ಸಾವಂತ್ರವ್ವ ಬೇರೆ ಪಕ್ಕದಲ್ಲೇ ನಿಂತು ಕೇಳುತ್ತಿದ್ದಳು.

“ಇಲ್ಲ,” ಎಂದ ರುದ್ರೇಶ. “ನನಗ ಕಂಡಿರಲಿಲ್ಲ.”

ನೇತ್ರಾಳ ಮುಖ ಹಗುರಾಯಿತು.

“ಹೋಗ್ಲಿ ಬಿಡ್ರಿ ಸರ್, ಮನಸ್ಸಿಗೆ ಹಚ್ಕೋಬ್ಯಾಡ್ರಿ. ಇನ್ನ ಮ್ಯಾಲೆ ನಿಮ್ಮ ನಕಾಶೆನೂ ನನಗೊಮ್ಮೆ ತೋರಸ್ರಿ. ನಾ ನೋಡಿಕೊಡ್ತೇನಿ.”