ದಿಣ್ಣೆಯ ಮೇಲಿನ ಸುಣ್ಣದ ಕೈ

ಇಂಥ ಕಥೆಗಳನ್ನು ಯಾರಾದರೂ ಹೇಳಲು ಶುರುಮಾಡಿದರೆ ನಡುವೆಯೇ ಬಾಯಿ ಹಾಕುತ್ತಿದ್ದವನು ನಾನು. ಮಧುಗಿರಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಹುಣಸೆಮರದ ದೆವ್ವವಿರಲಿ, ಮೈಮೇಲೆ ಬರುವ ದೇವರಿರಲಿ, ಎಲ್ಲದಕ್ಕೂ ನನ್ನ ಜೇಬಿನಲ್ಲಿ ಒಂದು ಕಾರಣ ಸಿದ್ಧವಾಗಿರುತ್ತಿತ್ತು. ಹಾಗಾಗಿ ಈಗ ನಾನು ಹೇಳುವುದನ್ನು ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ಶಿರಾದಲ್ಲಿ ನಮ್ಮ ಮನೆಯ ಬೀದಿಯಲ್ಲೇ ಖಲಂದರ್ ಚಾಚಾ ಅವರ ಸೈಕಲ್ ಶಾಪು. ನನಗೆ ಸೈಕಲ್ ಕಲಿಸಿದವರು ಅವರು. ಅವರ ಬಲಗೈಯ ಉಂಗುರದ ಬೆರಳು ಅರ್ಧ ಮಾತ್ರ ಇದೆ. ಉಳಿದರ್ಧವನ್ನು ಹುಡುಗರಾಗಿದ್ದಾಗಲೇ ಯಾವುದೋ ಸೈಕಲ್ಲಿನ ಚೈನು ತಿಂದು ಹಾಕಿತ್ತು. ಹರೆಯದಲ್ಲಿ ಅವರು ಊರೂರಿನ ಮೈದಾನಗಳಲ್ಲಿ ಏಳು ದಿನ ಸೈಕಲ್ ಇಳಿಯದೆ ಸುತ್ತು ಹೊಡೆಯುತ್ತಿದ್ದರಂತೆ. ಊಟ, ಸ್ನಾನ, ಗಡ್ಡ ಹೆರೆಯುವುದು ಎಲ್ಲ ಸೈಕಲ್ ಮೇಲೆಯೇ. ಕಾಲು ನೆಲಕ್ಕೆ ತಾಗಬಾರದು, ಯಾರೂ ಸವಾರನನ್ನು ಮುಟ್ಟಬಾರದು. ಮುಟ್ಟಿದರೆ ಅಲ್ಲಿಗೆ ಆಟ ಮುಗಿಯಿತು. ಅದಕ್ಕೇ ಅವರಿಗೆ ಆಟ ಕಲಿಸಿದ ಉಸ್ತಾದರು ಸುತ್ತಿನ ದಾರಿಯಲ್ಲಿ ಒಂದು ಕಡೆ ನೆಲದ ಮೇಲೆ ಸುಣ್ಣದಲ್ಲಿ ತಮ್ಮ ಅಂಗೈ ಒತ್ತಿ ಇಡುತ್ತಿದ್ದರು. ಪ್ರತಿ ಸುತ್ತಿನಲ್ಲೂ ಅದರ ಮೇಲೆ ಹಾದುಹೋಗುವಾಗ ಬೆನ್ನ ಮೇಲೆ ಕೈ ಇಟ್ಟ ಹಾಗೆ ಎಂದು ಲೆಕ್ಕ. ವೈ.ಎನ್.ಹೊಸಕೋಟೆಯಲ್ಲಿ ಐದನೇ ದಿನ ಬೆಳಗಿನ ಜಾವ ನಿದ್ದೆ ಬಂದು ಇನ್ನೇನು ಬೀಳಬೇಕು ಅನ್ನುವಾಗ, ಆ ಸುಣ್ಣದ ಕೈ ದಾಟಿದ ಕೂಡಲೇ ನಿಜವಾಗಿಯೂ ಯಾರೋ ಬೆನ್ನು ತಳ್ಳಿದರು ಎಂದು ಚಾಚಾ ನೂರು ಸಲ ಹೇಳಿದ್ದಾರೆ. ಐದು ದಿನ ನಿದ್ದೆಗೆಟ್ಟವನಿಗೆ ಏನು ಬೇಕಾದರೂ ಆಗುತ್ತದೆ ಎಂದು ನಾನೂ ನೂರು ಸಲ ಹೇಳಿದ್ದೇನೆ.

ಮೂರು ವರ್ಷದ ಹಿಂದೆ ಚಾಚಾಗೆ ಲಕ್ವಾ ಹೊಡೆದು ಎಡಗಾಲು ಬಿದ್ದುಹೋಯಿತು. ಕೆಲವು ತಿಂಗಳಲ್ಲಿ ಕಾಲಿಗೆ ಶಕ್ತಿ ಬಂತು, ಕೋಲು ಹಿಡಿದು ನಡೆಯಬಹುದು ಎಂದು ಡಾಕ್ಟರು ಹೇಳಿದರು. ಆದರೆ ಮೊದಲ ದಿನವೇ ಅವರು ಶಾಪಿನ ಮುಂದೆ, ಗಿರಾಕಿಗಳೆದುರು ಬಿದ್ದರು. ಏಟು ಕಾಲಿಗಲ್ಲ, ಮಾನಕ್ಕೆ ಬಿತ್ತು. ಕೋಲು ಬಾಗಿಲ ಹಿಂದೆ ಸೇರಿತು, ಶಾಪಿಗೆ ಬೀಗ ಬಿತ್ತು. ಚಾಚಿ ಅತ್ತರು, ಬೈದರು, ದರ್ಗಾಕ್ಕೆ ಹರಕೆ ಹೊತ್ತರು. ಇವರು ಮಂಚ ಬಿಟ್ಟು ಏಳಲಿಲ್ಲ. ಹೀಗೇ ಬಿಟ್ಟರೆ ಆ ಕಾಲು ಶಾಶ್ವತವಾಗಿ ಹೋಗುತ್ತದೆ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು.

ಅವರ ಬೇಸರ ಕಳೆಯಲೆಂದೇ ನಾನು ಸಂಜೆ ಹೊತ್ತು ಹೋಗಿ ಅವರ ಟಿವಿಗೆ ನನ್ನ ಫೋನ್ ಜೋಡಿಸಿ ಯೂರೋಪಿನ ಒಂದು ದೊಡ್ಡ ಸೈಕಲ್ ರೇಸು ಹಾಕತೊಡಗಿದೆ. ಮೂರು ವಾರದ ರೇಸು ಅದು. ನನಗೆ ಗೆಲ್ಲುವವರ ಮೇಲೆ ಕಣ್ಣು, ಚಾಚಾಗೆ ಕಟ್ಟಕಡೆಯವನ ಮೇಲೆ. ಕೊಕ್ಕರೆಯಂಥ ಉದ್ದ ಕಾಲಿನ ಒಬ್ಬ ಹುಡುಗ ದಿನಾ ಎಲ್ಲರಿಗಿಂತ ಹಿಂದೆ ಬರುತ್ತಿದ್ದ. ಚಾಚಾ ಅವನಿಗೆ ಕೊಕ್ಕರೆ ಎಂದೇ ಹೆಸರಿಟ್ಟರು. ಬೆಟ್ಟದ ದಿನಗಳಲ್ಲಿ ಗೊತ್ತಾದ ಹೊತ್ತಿನೊಳಗೆ ಗುರಿ ಮುಟ್ಟದವರನ್ನು ಮನೆಗೆ ಕಳಿಸುತ್ತಾರೆ. ಜನ ರಸ್ತೆಯ ಮೇಲೆ ಬಣ್ಣದಲ್ಲಿ ತಮ್ಮ ತಮ್ಮ ಸವಾರರ ಹೆಸರು ಬರೆದಿರುತ್ತಾರೆ, ಜೊತೆಯಲ್ಲಿ ಓಡುತ್ತಾರೆ, ನೀರು ಸುರಿಯುತ್ತಾರೆ. ಅದನ್ನು ನೋಡಿ ಚಾಚಾ ಖುಷಿಪಟ್ಟರು, ಆಮೇಲೆ ಅವರ ಮುಖ ಸಣ್ಣಗಾಯಿತು. ಕೊಕ್ಕರೆಯ ಹೆಸರನ್ನು ಮಾತ್ರ ಎಲ್ಲೂ ಯಾರೂ ಬರೆದಿರಲಿಲ್ಲ.

ಕೊನೆಯ ದೊಡ್ಡ ಬೆಟ್ಟದ ಹಿಂದಿನ ಸಂಜೆ ನಾನು ಎಂದಿನಂತೆ ಕೋಲಿನ ಮಾತೆತ್ತಿದೆ. ಚಾಚಾ ಟಿವಿಯ ಕಡೆ ಕೈ ತೋರಿಸಿದರು.

"ನಾಳೆ ಆ ಹುಡ್ಗ ಟೈಮ್ ಒಳ್ಗೆ ಮ್ಯಾಕೆ ಬಂದ್ರೆ ನಾನೂ ಏಳ್ತೀನಿ. ಬರ್ನಿಲ್ಲ ಅಂದ್ರೆ ಕೋಲಿನ ಮಾತು ಇನ್ನ ಎತ್ಬ್ಯಾಡ ಬೇಟಾ. ನೀನೂ, ನಿನ್ ಚಾಚೀನೂ."

ಆ ಕೊಕ್ಕರೆ ಬರುವ ಭರವಸೆ ಯಾರಿಗೂ ಇರಲಿಲ್ಲ. ಚಾಚಾರ ಕಾಲು ಅವನ ಕಾಲಿಗೆ ಗಂಟುಬಿದ್ದಿತ್ತು.

ಮಾರನೆಯ ದಿನ ನಮ್ಮ ಶಾಲೆಗೆ ರಜೆ. ಬೆಳಿಗ್ಗೆಯೇ ಚಾಚಾ ಫೋನ್ ಮಾಡಿ ನನ್ನ ಕಾರು ತರಿಸಿದರು. ಡಬ್ಬಿಯಲ್ಲಿ ಸುಣ್ಣ ಕಲಸಿ ಇಟ್ಟುಕೊಂಡಿದ್ದರು. ಶಿರಾದಲ್ಲೆಲ್ಲ ಸಪಾಟು ನೆಲ, ಅವರಿಗೆ ಏರು ರಸ್ತೆಯೇ ಬೇಕು. ಅವರನ್ನು ಎತ್ತಿ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು, ಮಧುಗಿರಿ ರಸ್ತೆಯಲ್ಲಿ ನಾನು ದಿನಾ ಹತ್ತಿ ಹೋಗುವ ದಿಣ್ಣೆಗೆ ಕರೆದುಕೊಂಡು ಹೋದೆ. ಹಿಂದಿನ ಸೀಟಿನ ಬಲಬಾಗಿಲು ತೆಗೆದು, ನಾನು ಸೊಂಟ ಹಿಡಿದುಕೊಂಡಿದ್ದಂತೆ ಅವರು ಬಗ್ಗಿ ಟಾರಿನ ಮೇಲೆ ಅಂಗೈ ಒತ್ತಿದರು. ಮೊದಲನೆಯದು ಜಾರಿ ಕಲಸಿಹೋಯಿತು. ಕಾರನ್ನು ಎರಡಡಿ ಮುಂದೆ ತೆಗೆದುಕೊಂಡೆ. ಎರಡನೆಯದು ಅಚ್ಚೊತ್ತಿದಂತೆ ಬಂತು, ನಾಲ್ಕೂವರೆ ಬೆರಳಿನ ಕೈ.

ಅಷ್ಟರಲ್ಲಿ ಆಡು ಹೊಡೆದುಕೊಂಡು ಬರುತ್ತಿದ್ದ ಹೆಂಗಸೊಬ್ಬಳು ನಿಂತಳು. ರಸ್ತೆ ಮೇಲೆ ಸುಣ್ಣದ ಕೈ, ಪಕ್ಕದಲ್ಲಿ ಇಬ್ಬರು ಗಂಡಸರು. ಮಾಟವಲ್ಲದೆ ಬೇರೇನು ಅಂದುಕೊಂಡಾಳು?

"ಯಾರ್ಗೆ ಮಾಡ್ಸಕ್ ಬಂದಿದ್ದೀರ?" ಎಂದಳು.

"ಕೆಡ್ಕು ಅಲ್ಲ ಕಣಮ್ಮ. ಒಬ್ಬ ಹುಡ್ಗ ಬೆಟ್ಟ ಹತ್ಬೇಕು, ಅದಕ್ಕೆ," ಎಂದರು ಚಾಚಾ.

"ಎಲ್ಲವ್ನೆ ಹುಡ್ಗ?"

"ಫಾರಿನ್ನಾಗವ್ನೆ."

ಅವಳು ನಮ್ಮಿಬ್ಬರನ್ನೂ ಒಂದು ಗಳಿಗೆ ನೋಡಿದಳು. ಆಮೇಲೆ ಆಡುಗಳನ್ನು ರಸ್ತೆಯ ಆಚೆ ಅಂಚಿಗೆ ಹೊಡೆದುಕೊಂಡು, ಆ ಕೈಯನ್ನು ದೂರದಿಂದಲೇ ಬಳಸಿ ಹೋದಳು. ನಾನು ವಾಪಸು ಬರುವ ದಾರಿಯುದ್ದಕ್ಕೂ ನಗುತ್ತಿದ್ದೆ. ಚಾಚಾ ನಗಲಿಲ್ಲ.

ಸಂಜೆ ರೇಸು ನೋಡಿದೆವು. ಎಂಟು ಗಂಟೆ ದಾಟಿರಬೇಕು, ಗೆದ್ದವನು ಆಗಲೇ ಮೇಲೆ ಮುಟ್ಟಿಯಾಗಿತ್ತು. ಕ್ಯಾಮೆರಾ ಹಿಂದಕ್ಕೆ ಹೋಯಿತು. ಕೊಕ್ಕರೆ ಒಬ್ಬನೇ ಇದ್ದ. ಅವನ ಹಿಂದೆ, ಸೋತವರನ್ನು ಹತ್ತಿಸಿಕೊಳ್ಳುವ ವ್ಯಾನು ಮೆಲ್ಲಗೆ ಬರುತ್ತಿತ್ತು. ನೋಡಲು ಬಂದ ಜನ ಚದುರಿಹೋಗಿ ರಸ್ತೆ ಖಾಲಿಯಾಗಿತ್ತು. ಅವನ ತಲೆ ಹ್ಯಾಂಡಲಿನ ಮೇಲೆ ತೂಗುತ್ತಿತ್ತು, ಸೈಕಲ್ಲು ಅತ್ತಿಂದಿತ್ತ ಓಲಾಡುತ್ತಿತ್ತು. ಮುಗಿಯಿತು ಅಂದುಕೊಂಡೆ. ಚಾಚಾರ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಆಗ ಒಂದು ತಿರುವು ಬಂತು. ತಿರುವಿನಲ್ಲಿ, ಕರಿ ರಸ್ತೆಯ ಮೇಲೆ, ಬೆಳ್ಳಗೆ ಒಂದು ಅಂಗೈ. ಉಂಗುರದ ಬೆರಳು ಅರ್ಧಕ್ಕೇ ನಿಂತಿತ್ತು.

ನಾನು ಕಂಡದ್ದನ್ನು ಇದ್ದಂತೆ ಹೇಳುತ್ತಿದ್ದೇನೆ, ಒಂದು ಅಕ್ಷರ ಸೇರಿಸಿಲ್ಲ. ಅವನ ಚಕ್ರ ಅದರ ಮೇಲೆ ಹಾದುಹೋಯಿತು. ಮರುಕ್ಷಣ ಅವನು ಬೆನ್ನು ನೆಟ್ಟಗೆ ಮಾಡಿ, ಯಾರೋ ಮುಟ್ಟಿದಂತೆ ಹಿಂದೆ ತಿರುಗಿ ನೋಡಿದ. ಹಿಂದೆ ವ್ಯಾನು ಬಿಟ್ಟು ಯಾರೂ ಇರಲಿಲ್ಲ. ಆಮೇಲೆ ಪೆಡಲಿನ ಮೇಲೆ ಎದ್ದು ನಿಂತು ತುಳಿಯತೊಡಗಿದ.

ಹೊತ್ತು ಮುಗಿಯಲು ಅರ್ಧ ನಿಮಿಷವೂ ಇಲ್ಲದಾಗ ಅವನು ಗೆರೆ ದಾಟಿದ. ಚಾಚಾ ತಮ್ಮ ಬಲಗೈಯನ್ನು ತಿರುಗಿಸಿ ಮುರುಗಿಸಿ ನೋಡಿಕೊಳ್ಳುತ್ತಿದ್ದರು. ಉಗುರಿನ ಸಂದಿಯಲ್ಲಿ ಇನ್ನೂ ಸುಣ್ಣವಿತ್ತು.

"ಕೋಲು ಕೊಡು," ಎಂದರು.

ಮಂಚದಿಂದ ಬಾಗಿಲಿಗೆ ಆರು ಹೆಜ್ಜೆ. ಮೂರನೆಯದಕ್ಕೆ ತಡವರಿಸಿದರು, ನಾನು ಕೈ ಚಾಚಿದರೆ ಮುಟ್ಟಬೇಡ ಎಂದು ಸನ್ನೆ ಮಾಡಿದರು. ಅಡುಗೆಮನೆಯಿಂದ ಬಂದ ಚಾಚಿ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಿಂತರು. ನಾನು ಅತ್ತುಬಿಟ್ಟೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಮಾರನೆಯ ಬೆಳಿಗ್ಗೆ ಶಾಲೆಗೆ ಹೋಗುವಾಗ ದಿಣ್ಣೆಯಲ್ಲಿ ಕಾರು ನಿಲ್ಲಿಸಿದೆ. ಕಲಸಿಹೋಗಿದ್ದ ಮೊದಲನೆಯ ಕೈ ಅಲ್ಲೇ ಇತ್ತು, ಟೈರುಗಳು ಓಡಾಡಿ ಇನ್ನಷ್ಟು ಕಲಸಿಹೋಗಿತ್ತು. ಅದರಿಂದ ಎರಡಡಿ ಮುಂದೆ, ಅಚ್ಚುಕಟ್ಟಾಗಿ ಬಿದ್ದಿದ್ದ ಎರಡನೆಯದು ಇರಲಿಲ್ಲ. ಮಳೆ ಬಂದಿರಲಿಲ್ಲ. ಆಡಿನ ಹೆಂಗಸು ತೊಳೆದಳೇ ಎಂದರೆ ಒಂದನ್ನೇ ಯಾಕೆ ತೊಳೆದಾಳು? ಮಂಡಿಯೂರಿ ಬೆರಳಾಡಿಸಿ ನೋಡಿದೆ. ಸುಣ್ಣದ ಒಂದು ಕಣವೂ ಬೆರಳಿಗೆ ಹತ್ತಲಿಲ್ಲ.

ಆ ದಿನದ ರೇಸನ್ನು ಫೋನಿನಲ್ಲಿ ಮತ್ತೆ ಪೂರ್ತಿ ಹಾಕಿ ನೋಡಿದೆ. ಆ ತಿರುವು ಇಲ್ಲವೇ ಇಲ್ಲ. ಕ್ಯಾಮೆರಾ ಹಿಂದಿನವನ ಕಡೆ ಹೋಗುವುದೇ ಇಲ್ಲ, ಗೆದ್ದವನ ಸುತ್ತಲೇ ಇರುತ್ತದೆ. ಕೊಕ್ಕರೆ ಕೊನೆಗೆ ಗೆರೆ ದಾಟುವುದು ಮಾತ್ರ ಕಾಣುತ್ತದೆ. ಚಾಚಾಗೆ ಇದನ್ನೆಲ್ಲ ಹೇಳಿದರೆ ಅವರಿಗೆ ಆಶ್ಚರ್ಯವೇ ಆಗಲಿಲ್ಲ. "ಅದಕ್ಕೆ ಅಲ್ಲಿ ಕೆಲ್ಸ ಇತ್ತು ಮೇಷ್ಟ್ರೇ, ಹೋಗ್ಬುಡ್ತು," ಎಂದರು.

ಈಗ ಅವರು ಕೋಲೂರಿಕೊಂಡು ದಿನಾ ಶಾಪಿಗೆ ಬರುತ್ತಾರೆ, ಪಂಕ್ಚರ್ ಹಾಕುತ್ತಾರೆ, ನನ್ನ ವಿಜ್ಞಾನವನ್ನು ಗಿರಾಕಿಗಳೆದುರು ಗೇಲಿ ಮಾಡುತ್ತಾರೆ. ನಾನು ಇಂದಿಗೂ ಕಾರಣ ಹುಡುಕುತ್ತಲೇ ಇದ್ದೇನೆ, ಸಿಕ್ಕಿಲ್ಲ. ಆ ರಸ್ತೆಗೆ ಹೊಸ ಟಾರು ಬಿದ್ದು ವರ್ಷವಾಯಿತು. ಆದರೂ ಆ ಜಾಗ ಬಂದಾಗ ನನ್ನ ಕೈ ತಾನಾಗಿ ಸ್ಟಿಯರಿಂಗನ್ನು ತಿರುಗಿಸುತ್ತದೆ, ಆಡಿನ ಹೆಂಗಸಿನಂತೆ ನಾನೂ ಬಳಸಿಕೊಂಡು ಹೋಗುತ್ತೇನೆ.