ಹೊಸಿಲ ಮೇಲಿನ ಕೆಂಪು ನಂಬರು

೧೯೯೫ರಲ್ಲಿ ನಾನು ಓದು ನಿಲ್ಲಿಸಿದೆ. ಆಗ ನನಗೆ ಹದಿನೈದು. ಅಂದಿನಿಂದ ಇಂದಿನವರೆಗೆ ಹಳಿಯ ಕೆಲಸವೇ. ಬೆಸುಗೆಯಲ್ಲಿ ನನ್ನನ್ನು ಮೀರಿಸುವವರು ಕಡಿಮೆ. ಪದವಿ ಪಡೆದು ಬಂದ ಎಂಜಿನಿಯರುಗಳೂ ಜೋಡಣೆ ಸರಿಯಾಯಿತೇ ಎಂದು ಮೊದಲು ನನ್ನ ಮುಖ ನೋಡುತ್ತಾರೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಹೊಸ ಲಘು ರೈಲಿನ ಕೆಲಸಕ್ಕೆಂದು ಈಗ ಬಯಾನ್ ಲೆಪಾಸ್‌ಗೆ ಬಂದ ಮೇಲೆ ಒಂದು ವಾಸನೆ ನನ್ನನ್ನು ಕಾಡುತ್ತಿದೆ. ಸರ್ವೆಯವರು ಡಬ್ಬಿ ಅಲುಗಿಸಿ ನೆಲದ ಮೇಲೆ ಕೆಂಪು ಬಣ್ಣ ಚಿಮ್ಮಿಸುತ್ತಾರಲ್ಲ, ಬಿಸಿಲಿಗೆ ಅದು ಒಣಗುವಾಗ ಮೂಗಿಗೆ ಅಡರುವ ಆ ಘಾಟು. ಅದು ಬಂದೊಡನೆ ಕೈಯಲ್ಲಿದ್ದ ಚಹಾ ಆರಿಹೋಗುತ್ತದೆ, ನಾನು ನಮ್ಮ ಹಲಗೆ ಮನೆಯ ಮುಂದೆ ನಿಂತಿರುತ್ತೇನೆ.

ಕ್ವಾಲಾಲಂಪುರದ ಅಂಚಿನಲ್ಲಿ, ಕೆಸರುಬಣ್ಣದ ತೋಡಿನ ಪಕ್ಕ, ಇಪ್ಪತ್ತು ಮೂವತ್ತು ತಗಡಿನ ಮಾಡುಗಳ ನಡುವೆ ಇತ್ತು ಆ ಮನೆ. ನೆಲ ನಮ್ಮದಲ್ಲ, ಕಾಗದಪತ್ರವೂ ಇಲ್ಲ. ಹಾಸನದ ಕಡೆಯಿಂದ ಅಡುಗೆ ಕೆಲಸಕ್ಕೆ ಬಂದಿದ್ದ ಅಪ್ಪ ಹೋಟೆಲಿನ ರಜಾದಿನಗಳಲ್ಲಿ ಒಂದೊಂದೇ ಹಲಗೆ ಹೊಡೆದು ಕಟ್ಟಿದ್ದರು. ಮಳೆ ಬಂದರೆ ತಗಡಿನ ಸದ್ದಿಗೆ ಮಾತು ಕೇಳಿಸದೆ ಕೈಸನ್ನೆಯಲ್ಲೇ ಊಟ ಮುಗಿಸುತ್ತಿದ್ದೆವು. ಅಪ್ಪನ ಅಂಗಿಯಿಂದ ಸದಾ ಹುರಿದ ಕೊತ್ತಂಬರಿ ಬೀಜದ ಪರಿಮಳ. ಅಮ್ಮನಿಗೆ ಆ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಸಿಲು. ತಗಡಿನ ಮನೆಗೆ ಯಾರು ಹೊಸಿಲು ಇಡಿಸುತ್ತಾರೆ? ಅಮ್ಮ ಹಟ ಹಿಡಿದು ದಪ್ಪನೆಯ ಮೆರಂತಿ ಮರದ್ದನ್ನೇ ಇಡಿಸಿದ್ದಳು. ಶುಕ್ರವಾರ ಬೆಳಗ್ಗೆ ಅದನ್ನು ತೊಳೆದು, ಅರಿಸಿನ ಬಳಿದು, ಕುಂಕುಮವಿಟ್ಟು, ಎರಡು ತುದಿಗೂ ಒಂದೊಂದು ದಾಸವಾಳ ಇಟ್ಟ ಮೇಲೆಯೇ ಒಲೆ ಹಚ್ಚುತ್ತಿದ್ದಳು. ಪಕ್ಕದ ಮನೆಯ ಲೆಚ್ಚುಮಿ ಅಕ್ಕ ತಮಿಳು ಬೆರೆಸಿದ ಕನ್ನಡದಲ್ಲಿ, "ನಿನ್ನ ವೀಟಿಗಿಂತ ಬಾಗಿಲೇ ದೊಡ್ಡದು ಲಾ, ಶಾರದಾ!" ಎಂದು ರೇಗಿಸುವಳು. "ಬರೋವಳು ಮಹಾಲಕ್ಷ್ಮಿ, ದೊಡ್ಡವಳು ಕಣೇ. ನಿನ್ನ ಹಾಗೆ ಹಿತ್ತಲಿಂದ ನುಸುಳ್ತಾಳಾ?" ಎಂದು ಅಮ್ಮ ನಗುವಳು.

ನಗರವನ್ನು ಸುತ್ತಲ ಊರುಗಳಿಗೆ ಜೋಡಿಸುವ ರೈಲು ನಮ್ಮ ತೋಡಿನ ಮೇಲೆಯೇ ಹಾದುಹೋಗುತ್ತದೆಂದು ಸುದ್ದಿಯಾಯಿತು. ಬುಧವಾರ ಮಧ್ಯಾಹ್ನ ಸರ್ವೆಯವರು ಬಂದಾಗ ಮನೆಯಲ್ಲಿ ನಾನೊಬ್ಬನೇ. ನಮ್ಮ ಮನೆಗೆ ಬರುವ ಮಲಯ ಭಾಷೆಯೆಲ್ಲ ನನ್ನ ಬಾಯಿಯಿಂದಲೇ ಕನ್ನಡವಾಗಬೇಕಿತ್ತು, ಅಮ್ಮನಿಗೆ ಒಂದಕ್ಷರ ಬಾರದು. ಮಳೆಗೆ ಹಲಗೆಗಳೆಲ್ಲ ಹಸಿಯಾಗಿದ್ದವು. ಅವರಲ್ಲೊಬ್ಬ ಬಗ್ಗಿ, ಒಣಗಿದ್ದ ಹೊಸಿಲ ಮೇಲೆ ಕೆಂಪಗೆ ಹದಿನೇಳು ಎಂದು ಬರೆದ. "ಅಳಿಸಬೇಡ, ತಂಬಿ. ಸೋಮವಾರ ಫೋಟೋ ತೆಗೆಯಲು ಬರುತ್ತಾರೆ. ನಂಬರಿದ್ದ ಮನೆಗೆ ಬದಲಿ ಫ್ಲ್ಯಾಟ್. ಮನೆಯಲ್ಲಿ ಹೇಳು," ಎಂದು ಮಲಯದಲ್ಲಿ ಹೇಳಿದ. "ಬೊಲೆಹ್, ಬೊಲೆಹ್," ಆಗಲಿ ಆಗಲಿ, ಎಂದೆ. ಆ ಸಂಜೆ ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಮರೆತಿದ್ದೆ, ಅಷ್ಟೆ.

ಶುಕ್ರವಾರ ಬೆಳಗ್ಗೆ ಸೀಮೆಎಣ್ಣೆಯ ವಾಸನೆಗೆ ಎಚ್ಚರವಾಯಿತು. ಅಮ್ಮ ತೆಂಗಿನ ನಾರು ಹಿಡಿದು ಹೊಸಿಲು ಉಜ್ಜುತ್ತಿದ್ದಳು. "ಯಾರೋ ಪೋಲಿಗಳು ಮೊನ್ನೆ ಏನೋ ಗೀಚಿ ಹೋಗಿದಾರೆ ನೋಡು. ಲಕ್ಷ್ಮಿ ಕಾಲಿಡೋ ಜಾಗ, ಇವರ ಕೈಗೆ ಬೇರೆಲ್ಲೂ ಸಿಗಲಿಲ್ವಾ?" ಎಂದಳು. ಹದಿನೇಳರಲ್ಲಿ ಒಂದರ ಅಂಕಿ ಇನ್ನೂ ಉಳಿದಿತ್ತು. ಹೇಳಬೇಕೆಂದು ಬಾಯಿ ತೆರೆದೆ. ಹೊರಗೆ ಗೆಳೆಯರು ಶಾಲೆಗೆ ಮುಂಚೆ ಒಂದಾಟ ಷಟಲ್ ಆಡಲು ಕೂಗಿದರು. ಬಂದ ಮೇಲೆ ಹೇಳಿದರಾಯಿತು ಅಂದುಕೊಂಡು ಅವಳನ್ನು ದಾಟಿ ಓಡಿದೆ. ಬಂದಾಗ ಹೊಸಿಲು ಹಳದಿಯಾಗಿ ಹೊಳೆಯುತ್ತಿತ್ತು. ಅಷ್ಟು ಚೆನ್ನಾಗಿ ಕಾಣುತ್ತಿದ್ದುದನ್ನು ನೋಡಿ ಹೇಳುವ ಧೈರ್ಯ ಬರಲಿಲ್ಲ. ಸೋಮವಾರ ಅಪ್ಪ ಹೋಟೆಲಿಗೆ, ಅಮ್ಮ ಸಂತೆಗೆ, ನಾನು ಶಾಲೆಗೆ. ಫೋಟೋದವರಿಗೆ ಕಂಡದ್ದು ನಂಬರಿಲ್ಲದ, ಬೀಗ ಹಾಕಿದ ಒಂದು ಮನೆ. ಖಾಲಿ ಎಂದು ಬರೆದುಕೊಂಡು ಮುಂದೆ ಹೋದರು.

ಬದಲಿ ಫ್ಲ್ಯಾಟಿನ ಪಟ್ಟಿಯಲ್ಲಿ ಲೆಚ್ಚುಮಿ ಅಕ್ಕನ ಮನೆ ಇತ್ತು, ನಮ್ಮದಿರಲಿಲ್ಲ. ಅಪ್ಪ ಕಚೇರಿಗೆ ಮೂರು ಸಲ ಅಲೆದರು. ಪಟ್ಟಿ ಮುಗಿದಿದೆ ಎಂಬುದೊಂದೇ ಉತ್ತರ. ಮೂರನೆಯ ಸಲ ಬಂದು, ಚಪ್ಪಲಿ ಬಿಚ್ಚದೆ ಒಳಗೆ ಕೂತರು. "ನಂಬರ್ ಅಳಿಸಿದ್ದು ಯಾರು?"

"ನಾನೇ ರೀ. ಶುಕ್ರವಾರ ಅಲ್ವಾ? ನನಗೇನು ಗೊತ್ತು ಅದು ಇದಕ್ಕೆ ಅಂತ?"

"ಹೊಸಿಲು ತೊಳೀತೀನಿ ಅಂತ ಮನೇನೇ ತೊಳೆದುಬಿಟ್ಟೆಯಲ್ಲೇ."

ನಾನು ಮೂಲೆಯಲ್ಲಿ ಪುಸ್ತಕ ತೆರೆದಿಟ್ಟುಕೊಂಡು ಕೂತಿದ್ದೆ. ಪುಟ ತಿರುವಿದೆ.

ಮನೆ ಕೆಡವಿದ ಮೇಲೆ ಹೋಟೆಲಿನ ಹಿಂದಿನ ಗೋದಾಮಿನಲ್ಲಿ, ಅಕ್ಕಿಮೂಟೆಗಳ ಸಂದಿಯಲ್ಲಿ ಬದುಕಿದೆವು. ಅಲ್ಲಿಂದ ಶಾಲೆ ದೂರ. ನಾನು ಅದೇ ರೈಲು ಮಾರ್ಗದ ಕೆಲಸಕ್ಕೆ ಸೇರಿದೆ. ಮನೆಗೆ ದುಡಿಯಲು ಓದು ಬಿಟ್ಟ ಮಗ ಎಂದು ಎಲ್ಲರೂ ಹೊಗಳಿದರು. ಅಮ್ಮನಂತೂ ಬಂದವರಿಗೆಲ್ಲ ಹೇಳುತ್ತಿದ್ದಳು. ಅಪ್ಪ ಮಾತ್ರ ಸಾರಿಗೆ ಉಪ್ಪು ಹೆಚ್ಚಾದರೂ ಹೊಸಿಲಿನ ಮಾತು ತೆಗೆಯುತ್ತಿದ್ದರು. ಸಾಯುವವರೆಗೂ ತೆಗೆದರು. ಅಮ್ಮ ಒಮ್ಮೆಯೂ ಎದುರಾಡಲಿಲ್ಲ. ಗೋದಾಮಿಗೆ ಹೊಸಿಲಿರಲಿಲ್ಲ. ಶುಕ್ರವಾರ ಬೆಳಗ್ಗೆ ಅವಳು ಸುಮ್ಮನೆ ಕೂತಿರುತ್ತಿದ್ದಳು.

ನಿಮಗೂ ಅಂಥದೊಂದು ಮನೆ ಇದ್ದೀತು, ಅಲ್ಲಿ ಹೇಳದೇ ಬಿಟ್ಟ ಮಾತೂ ಇದ್ದೀತು. ಹೇಳುವುದಕ್ಕೆ ನನಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಸಮಯವಿತ್ತು. ಆಸ್ಪತ್ರೆಯಲ್ಲಿ ಕೊನೆಯ ವಾರ ಅಮ್ಮ ನನ್ನ ಕೈಯ ಸುಟ್ಟ ಗುರುತುಗಳನ್ನು ಸವರುತ್ತಾ, "ನನ್ನಿಂದ ನಿನ್ನ ಓದು ಹೋಯ್ತಲ್ಲೋ ಮಗಾ," ಎಂದಳು. "ಹಳೇದೆಲ್ಲ ಯಾಕಮ್ಮಾ ಈಗ, ಬಿಡು," ಎಂದೆ. ದೊಡ್ಡ ಮನಸ್ಸಿನಿಂದ ಕ್ಷಮಿಸುವವನ ಹಾಗೆ ಹೇಳಿದೆ. ಅವಳು ಕಣ್ಣು ಒರೆಸಿಕೊಂಡು, "ನೀನು ಒಳ್ಳೆಯವನು ಕಣೋ," ಎಂದಳು.

ಈಗ ನನಗಿರುವುದು ಹನ್ನೊಂದನೆಯ ಮಹಡಿಯಲ್ಲಿ ಒಂದು ಸ್ವಂತ ಫ್ಲ್ಯಾಟು, ಒಬ್ಬಳು ಹೆಂಡತಿ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಇಬ್ಬರು ಹೆಣ್ಣುಮಕ್ಕಳು, ಒಂದು ಬೈಕು, ನೋಯುವ ಒಂದು ಮಂಡಿ, ಗೋಡೆಯ ಮೇಲೆ ಅಪ್ಪನದೂ ಅಮ್ಮನದೂ ಎರಡು ಫೋಟೋ.