ಮೂರು ಮೂಲೆಯ ತೂತಿನಿಂದ ಬಂದ ಸೂರ್ಯ

ಮೈದಾ ಹಿಟ್ಟನ್ನು ನೀರಿನಲ್ಲಿ ಕದಡಿ ಕುದಿಸಿದ ಗೋಂದಿನ ವಾಸನೆ ಈಗ ಎಷ್ಟು ಜನರಿಗೆ ನೆನಪಿದೆಯೋ ಗೊತ್ತಿಲ್ಲ. ಮೊನ್ನೆ ಸಾನಪಾಡಾ ಸ್ಟೇಷನ್ನಿನ ಹೊರಗೆ ಒಬ್ಬಾತ ಬಕೆಟ್ಟಿನಲ್ಲಿ ಅದನ್ನಿಟ್ಟುಕೊಂಡು ಗೋಡೆಗೆ ಟ್ಯೂಷನ್ ಕ್ಲಾಸಿನ ಪೋಸ್ಟರ್ ಅಂಟಿಸುತ್ತಿದ್ದ. ಸ್ವಲ್ಪ ಹುಳಿ, ಸ್ವಲ್ಪ ಗಂಜಿ, ಅದರ ಮೇಲೆ ಒದ್ದೆ ಕಾಗದದ ವಾಸನೆ. ನಾನು ಅಲ್ಲೇ ನಿಂತುಬಿಟ್ಟೆ, ನನ್ನ ಲೋಕಲ್ ರೈಲು ತಪ್ಪಿಹೋಯಿತು. ನನಗೆ ಮತ್ತೆ ಹತ್ತು ವರ್ಷವಾಗಿತ್ತು. ನೆರೂಳಿನ ಎರಡನೇ ಮಹಡಿಯ ಮನೆಯ ಬೆಡ್‌ರೂಮಿನಲ್ಲಿ, ಕಿಟಕಿಗೆಲ್ಲ ಪೇಪರ್ ಅಂಟಿಸಿದ ಕತ್ತಲೆಯಲ್ಲಿ ಕೂತಿದ್ದೆ, ಬಾಗಿಲಿನ ಚಿಲಕ ಹೊರಗಿನಿಂದ ಬಿದ್ದಿತ್ತು. ಆ ಕಟ್ಟಡ ಈಗ ಇಲ್ಲ. ಆ ಜಾಗದ ಸುತ್ತ ನೀಲಿ ತಗಡು ನಿಲ್ಲಿಸಿ, ಇಪ್ಪತ್ತು ಮಹಡಿಯ ಟವರಿನ ಚಿತ್ರ ತೂಗುಹಾಕಿದ್ದಾರೆ. ಅಜ್ಜಿಯೂ ಇಲ್ಲ, ಚಿಕ್ಕಮ್ಮನೂ ಇಲ್ಲ. ಊರಿನ ದೊಡ್ಡ ಮನೆ ಬಿದ್ದರೆ ಅಳುವವರಿರುತ್ತಾರೆ. ಒಂದು ಬೆಡ್‌ರೂಮಿನ ಫ್ಲಾಟು ಬಿದ್ದರೆ ಯಾರೂ ಅಳುವುದಿಲ್ಲ, ಹೊಸದರಲ್ಲಿ ಎಷ್ಟು ಚದರಡಿ ಜಾಸ್ತಿ ಸಿಕ್ಕಿತು ಎಂದು ಕೇಳುತ್ತಾರೆ. ನಿಮಗೂ ಹಾಗೊಂದು ಮನೆಯಿದ್ದು, ಅದು ಹೋದಾಗ ಅಳಲು ನಾಚಿಕೆಯಾಗಿದ್ದರೆ ಇದನ್ನು ಓದಿ.

ಆ ಮನೆಯಲ್ಲಿ ನಾವು ಆರು ಜನ ಇದ್ದೆವು. ಅಜ್ಜಿ, ಅಪ್ಪ, ಅಮ್ಮ, ನಾನು, ಅಪ್ಪನ ತಮ್ಮನಾದ ಚಿಕ್ಕಪ್ಪ, ಅವನ ಹೊಸ ಹೆಂಡತಿ ಮಮತ ಚಿಕ್ಕಮ್ಮ. ಅಪ್ಪ ರಬಾಳೆಯ ಫ್ಯಾಕ್ಟರಿಯಿಂದ ಮೆಷಿನ್ ಎಣ್ಣೆಯ ವಾಸನೆ ಹೊತ್ತು ಬರುತ್ತಿದ್ದ. ಸಾನಪಾಡಾದ ಹೋಟೆಲಿನ ಕೌಂಟರಿನಲ್ಲಿ ಕೂರುತ್ತಿದ್ದ ಚಿಕ್ಕಪ್ಪನಿಗೆ ಸಾಂಬಾರಿನ ವಾಸನೆ. ಇವೆರಡರ ಮೇಲೆ ಅಜ್ಜಿಯ ತೆಂಗಿನೆಣ್ಣೆ, ಕಬ್ಬಿಣದ ಕಪಾಟಿನೊಳಗೆ ಊರಿನಿಂದ ಬಂದ ಹಲಸಿನ ಹಪ್ಪಳ. ದೊಡ್ಡವರು ತಮ್ಮೊಳಗೆ ತುಳು ಮಾತಾಡುತ್ತಿದ್ದರು, ನನ್ನೊಂದಿಗೆ ಕನ್ನಡ, ನಾನು ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದೆ. ಇದರಲ್ಲಿ ಯಾರಿಗೂ ಏನೂ ವಿಚಿತ್ರ ಕಾಣುತ್ತಿರಲಿಲ್ಲ. ಕಿಟಕಿಗಳಿಗೆಲ್ಲ ಮುಂದಕ್ಕೆ ಚಾಚಿದ ಕಬ್ಬಿಣದ ಗ್ರಿಲ್ ಇತ್ತು, ಪಾರಿವಾಳ ಒಳಗೆ ಬರದಿರಲೆಂದು ಅದಕ್ಕೊಂದು ಬಲೆ ಬೇರೆ. ಪಾರಿವಾಳಗಳು ಹೊರಗೆ ಕೂತು, ಪಂಜರದೊಳಗಿದ್ದ ನಮ್ಮನ್ನು ಆರಾಮಾಗಿ ನೋಡುತ್ತಿದ್ದವು.

ಚಿಕ್ಕಮ್ಮ ಉಡುಪಿ ಕಡೆಯವಳು. ಬಿ.ಎಸ್ಸಿ.ಯಲ್ಲಿ ಕಾಲೇಜಿಗೇ ಮೊದಲು ಬಂದು, ಎಂ.ಎಸ್ಸಿ.ಗೆ ಅರ್ಜಿ ತುಂಬುವ ತಿಂಗಳಲ್ಲಿ ಮದುವೆಯಾದವಳು. ಟ್ರಂಕಿನಲ್ಲಿ ಸೀರೆಗಳ ಅಡಿಗೆ ಭೌತಶಾಸ್ತ್ರದ ನಾಲ್ಕು ದಪ್ಪ ಪುಸ್ತಕಗಳನ್ನು ತಂದಿದ್ದಳು. ಸಂಜೆ ಬಟ್ಟೆ ತೆಗೆಯುವಾಗ ಗ್ರಿಲ್ಲಿನ ಸಂದಿಯಿಂದ ಶುಕ್ರನನ್ನು ತೋರಿಸುತ್ತಿದ್ದಳು. ಉಳಿದವು ಎಲ್ಲಿ ಎಂದರೆ, ನಕ್ಷತ್ರಕ್ಕೂ ಇಲ್ಲಿ ಬಾಡಿಗೆ ಕಟ್ಟಲಿಕ್ಕೆ ಆಗುವುದಿಲ್ಲ ಕಾಣುತ್ತದೆ, ಊರಿನಲ್ಲೇ ಉಳಿದಿವೆ ಎಂದು ನಗುತ್ತಿದ್ದಳು. ಸ್ಟೇಷನ್ನಿನ ಹತ್ತಿರ ಹನ್ನೊಂದು ಹನ್ನೆರಡನೇ ಕ್ಲಾಸಿನ ಮಕ್ಕಳಿಗೆ ಟ್ಯೂಷನ್ ಕ್ಲಾಸು ನಡೆಸುತ್ತಿದ್ದವರೊಬ್ಬರು ಅವಳಿಂದ ಒಂದು ದಿನ ಪಾಠ ಮಾಡಿಸಿ ನೋಡಿ, ಹೆರಿಗೆ ಆದ ಮೇಲೆ ಬಂದು ಸೇರಿಕೊಳ್ಳಿ ಎಂದಿದ್ದರು. ಅಜ್ಜಿ ಎರಡು ದಿನ ಯೋಚಿಸಿದಳು. ಮೂರನೇ ದಿನ ತರಕಾರಿ ಹೆಚ್ಚುತ್ತಾ, "ಮಗು ಕೈಕಾಲು ಸರಿಯಾಗಿ ಹುಟ್ಲಿ. ಆಮೇಲೆ ನೀನು ಹೋಗು, ಮಗುವನ್ನು ನಾನು ನೋಡ್ಕೊಳ್ತೇನೆ" ಅಂದಳು. ಆ ಒಂದು ಮಾತು ಹಿಡಿದುಕೊಂಡು ಚಿಕ್ಕಮ್ಮ ಬದುಕಿದ್ದಳು. ಮಧ್ಯಾಹ್ನ ಅಡುಗೆಮನೆಯ ಕರಿ ಕಡಪ ಕಲ್ಲನ್ನು ಒರೆಸಿ, ಅದರ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಪಾಠದ ತಯಾರಿ ಮಾಡುತ್ತಿದ್ದಳು. ಕ್ಲಾಸಿನಲ್ಲಿ ನಾನೊಬ್ಬಳೇ, ಅದೂ ಮಜ್ಜಿಗೆ ಕುಡಿಯುತ್ತಾ.

ಸಂಕ್ರಾಂತಿಯ ಮರುದಿನ ಸೂರ್ಯಗ್ರಹಣ ಬಂತು. ಚಿಕ್ಕಮ್ಮನಿಗೆ ಐದು ತಿಂಗಳಾಗಿತ್ತು. ಗರ್ಭಿಣಿಯ ಮೇಲೆ ಗ್ರಹಣದ ನೆರಳು ಬೀಳಬಾರದು, ಅವಳು ಕತ್ತಿ ಮುಟ್ಟಬಾರದು, ಸೂಜಿ ಹಿಡಿಯಬಾರದು, ಮುಟ್ಟಿದರೆ ಮಗುವಿನ ತುಟಿ ಸೀಳುತ್ತದೆ ಎಂಬುದು ಅಜ್ಜಿಗೆ ಬೆಂಕಿ ಸುಡುತ್ತದೆ ಎಂಬಷ್ಟೇ ಖಚಿತ. ಬೆಳಗ್ಗೆಯೇ ಮೈದಾ ಕುದಿಸಿ ಗೋಂದು ಮಾಡಿ, ಅಮ್ಮನೂ ಅಜ್ಜಿಯೂ ಸೇರಿ ಬೆಡ್‌ರೂಮಿನ ಕಿಟಕಿಗೆ ಪೇಪರ್ ಅಂಟಿಸಿದರು. ಕನ್ನಡ ಪೇಪರಿನಲ್ಲಿ ದೇವರ ಫೋಟೋ ಇರುತ್ತದೆ, ಅದಕ್ಕೆ ಗೋಂದು ಬಳಿಯಬಾರದೆಂದು ಅಜ್ಜಿ ಪಕ್ಕದ ಮನೆಯಿಂದ ಮರಾಠಿ ಪೇಪರ್ ತರಿಸಿದ್ದಳು. ಉಪ್ಪಿನಕಾಯಿ ಜಾಡಿಯ ಮೇಲೆ, ನೀರಿನ ಕೊಡದ ಮೇಲೆ ದರ್ಭೆ ಬಿತ್ತು. ಬಸುರಿ ಒಬ್ಬಳೇ ಇರಬಾರದೆಂದು ನನ್ನನ್ನೂ ಒಳಗೆ ಸೇರಿಸಿ, ಬಚ್ಚಲಿಗೆ ಹೋಗಿಬಂದೆಯಾ ಎಂದು ಎರಡೆರಡು ಸಲ ಕೇಳಿ, ಅಜ್ಜಿ ಹೊರಗಿನಿಂದ ಚಿಲಕ ಹಾಕಿದಳು. ಗ್ರಹಣ ಬಿಡುವವರೆಗೆ, ನಾಲ್ಕು ತಾಸಿನ ಮಾತು. ಚಿಕ್ಕಮ್ಮ ಎದುರು ಮಾತಾಡಲಿಲ್ಲ. ಕ್ಲಾಸಿನ ಮಾತು ಮುರಿದುಹೋಗಬಾರದೆಂದು ಅವಳು ಆ ದಿನಗಳಲ್ಲಿ ಎಲ್ಲದಕ್ಕೂ ಹೂಂ ಅನ್ನುತ್ತಿದ್ದಳು.

ಚಿಲಕದ ಸದ್ದು ಕೇಳಿದ ಕೂಡಲೇ ನಾನು ಹೋಗಿ ಬಾಗಿಲು ತಳ್ಳಿ ನೋಡಿದೆ. ಫ್ಯಾನಿನ ಗಾಳಿ ಬಿಸಿಯಾಗಿತ್ತು, ಗೋಂದಿನ ವಾಸನೆ ಗಂಟಲಿಗೆ ಅಂಟುತ್ತಿತ್ತು. ನಾನು ಅಳತೊಡಗಿದಾಗ ಚಿಕ್ಕಮ್ಮ ಹತ್ತಿರ ಕೂರಿಸಿಕೊಂಡು, ಇದಕ್ಕಿಂತ ಕತ್ತಲೆಯ ಕೋಣೆಯೊಂದರ ಕತೆ ಹೇಳಿದಳು. ತುಂಬ ದೊಡ್ಡ ನಕ್ಷತ್ರವೊಂದು ಉರಿದು ಮುಗಿದ ಮೇಲೆ ತನ್ನೊಳಗೇ ಕುಸಿದು ಬೀಳುತ್ತದಂತೆ. ಕುಸಿದು ಕುಸಿದು ಕಪ್ಪು ಕುಳಿಯಾಗುತ್ತದಂತೆ. ಅದರೊಳಗೆ ಬಿದ್ದದ್ದು ಯಾವುದೂ ಹೊರಗೆ ಬರುವುದಿಲ್ಲ, ಬೆಳಕು ಕೂಡ. ನಾನು ಅಳು ನಿಲ್ಲಿಸಿ, ಬೆಳಕೇ ಬರದಿದ್ದರೆ ಅದು ಕಾಣುವುದು ಹೇಗೆ ಎಂದು ಹಿಂದಿಯಲ್ಲಿ ಕೇಳಿದೆ. ಅವಳಿಗೆ ಖುಷಿಯೋ ಖುಷಿ. "ಕಾಣುದಿಲ್ಲ ಮಾರಾಯ್ತಿ. ಅದರ ಸುತ್ತ ಇದ್ದ ನಕ್ಷತ್ರಗಳು ಹೇಗೆ ತಿರುಗ್ತವೆ ಅಂತ ನೋಡುದು. ನಡುವೆ ಏನೂ ಕಾಣುದಿಲ್ಲ, ಆದ್ರೂ ಸುತ್ತುತ್ತಾ ಇರ್ತವೆ. ಆಗ ಗೊತ್ತಾಗ್ತದೆ, ಅಲ್ಲಿ ಎಂತದೋ ಉಂಟು ಅಂತ."

ಆಗಲೇ ನನ್ನ ಕಣ್ಣಿಗೆ ನೆಲದ ಮೇಲಿನ ಬೆಳಕು ಬಿತ್ತು. ದುಂಡಗೆ, ಎಂಟಾಣೆಗಿಂತ ಚಿಕ್ಕದು, ಟೈಲ್ಸಿನ ಮೇಲೆ ಸುಮ್ಮನೆ ಕೂತಿತ್ತು. ಕಿಟಕಿಯ ಪೇಪರಿನಲ್ಲಿ ಕಿಟಕಿಯ ಕೊಕ್ಕೆ ಚುಚ್ಚಿ ಒಂದು ತೂತಾಗಿತ್ತು, ಮೂರು ಮೂಲೆಯ ತೂತು. ಮುಚ್ಚಲೆಂದು ನಾನು ಎದ್ದರೆ ಚಿಕ್ಕಮ್ಮ ಕೈ ಹಿಡಿದಳು. ತೂತಿಗೆ ಮೂರು ಮೂಲೆ, ಬೆಳಕು ಯಾಕೆ ಉರುಟು ಎಂದು ಕೇಳಿದಳು. ನನಗೇನು ಗೊತ್ತು. ಅದು ತೂತಿನ ಚಿತ್ರವಲ್ಲ, ಸೂರ್ಯನ ಚಿತ್ರ ಎಂದು ಪಿಸುಗುಟ್ಟಿದಳು. ಬಿಳಿ ಹಾಳೆಯ ನನ್ನ ಡ್ರಾಯಿಂಗ್ ಪುಸ್ತಕವನ್ನು ನೆಲಕ್ಕೆ ಹಾಸಿ ಅದರ ಮೇಲೆ ಸೂರ್ಯನನ್ನು ಹಿಡಿದೆವು. ಸ್ವಲ್ಪ ಹೊತ್ತಿಗೆ ಅದರ ಅಂಚನ್ನು ಯಾರೋ ಬಿಸ್ಕತ್ತಿನ ಹಾಗೆ ಕಚ್ಚಿದ್ದರು. ಚಿಕ್ಕಮ್ಮ ಕೈಗಡಿಯಾರ ನೋಡಿ ಹೊತ್ತು ಹೇಳುವುದು, ನಾನು ಪೆನ್ಸಿಲಿನಿಂದ ಸುತ್ತ ಗೆರೆ ಎಳೆಯುವುದು. ಅಷ್ಟು ಪಳಪಳ ಹೊಳೆಯುವ ಅವಳ ಮುಖವನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಹೊರಗೆ ಅಜ್ಜಿ ಜಪ ಮಾಡುತ್ತಿದ್ದಳು, ಒಳಗೆ ನಾವಿಬ್ಬರು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು.

ಸೂರ್ಯ ಸರಿದ ಹಾಗೆ ಬೆಳಕೂ ಸರಿಯಿತು. ಪುಸ್ತಕ ದಾಟಿ, ಚಾಪೆ ದಾಟಿ, ಗೋಡೆಗೆ ಒರಗಿ ಕೂತಿದ್ದ ಚಿಕ್ಕಮ್ಮನ ಸೀರೆಯನ್ನು ಹತ್ತಿತು. ಕತ್ತರಿಸಿದ ಉಗುರಿನಂಥ ಸೂರ್ಯ ಅವಳ ಹೊಟ್ಟೆಯ ಮೇಲೆ ಬಂದು ಕೂತಿತು. ನಾನು ಹೆದರಿ ಅವಳ ಮುಖ ನೋಡಿದೆ. ಅವಳೂ ಸರಿಯಲು ನೆಲಕ್ಕೆ ಕೈ ಊರಿದಳು, ಆಮೇಲೆ ಕೈ ತೆಗೆದಳು. "ಇರ್ಲಿ. ಅದೂ ನೋಡ್ಲಿ" ಅಂದಳು. ಸೂರ್ಯ ಅವಳನ್ನು ದಾಟಿ ಹೋಗುವವರೆಗೆ ಅಲುಗದೆ ಕೂತಳು. ನಂತರ ಅಜ್ಜಿಗೆ ಹೇಳಬಾರದೆಂದು ನನ್ನಿಂದ ಭಾಷೆ ತೆಗೆದುಕೊಂಡು, ಬೆಳಕು ಪೂರ್ತಿ ಉರುಟಾದ ಮೇಲೆ ಅನ್ನದ ಅಗುಳಿನಷ್ಟು ಹಸಿ ಗೋಂದನ್ನು ಅಂಚಿನಿಂದ ಕೆರೆದು ತೂತು ಮುಚ್ಚಿದಳು. ಹೊರಗೆ ಅಜ್ಜಿ ಅಪ್ಪನನ್ನು "ಬಿಟ್ಟಿತಾ?" ಎಂದು ಕೇಳುವುದು ಕೇಳಿಸಿತು. ಬಿಟ್ಟಿತು ಎಂದು ಅಪ್ಪ ಹೇಳಿದ ಮೇಲೆ ಚಿಲಕ ತೆರೆಯಿತು.

ಮೇ ತಿಂಗಳಲ್ಲಿ ಶ್ರೇಯಸ್ ಹುಟ್ಟಿದ. ಅವನ ಮೇಲ್ದುಟಿ ಮೂಗಿನವರೆಗೆ ಸೀಳಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅಜ್ಜಿ ಯಾರನ್ನೂ ದೂರಲಿಲ್ಲ. ತನ್ನನ್ನೇ ದೂರಿಕೊಂಡಳು. ಚಿಲಕ ಹಾಕಿದ್ದು ತಡವಾಯಿತೋ ಏನೋ, ಆ ದಿನ ಪೇಪರ್ ಕತ್ತರಿಸಿದ ಕತ್ತರಿಯನ್ನು ಕೋಣೆಯೊಳಗೇ ಮರೆತು ಬಂದೆನೋ ಏನೋ, ಪಾಪಿ ನಾನು, ಎಂದು ಸೆರಗು ಬಾಯಿಗೆ ತುರುಕಿ ಅಳುತ್ತಿದ್ದಳು. ಅಜ್ಜಿ ಅಳುವುದನ್ನು ನಾನು ಮೊದಲ ಸಲ ನೋಡಿದ್ದು ಅಂದೇ. ನನ್ನಿಂದ ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತು ಅವಳ ಕೈ ಹಿಡಿದು ಸಮಾಧಾನ ಹೇಳಿದೆ. "ಅಜ್ಜೀ, ಆಪ್ ಕೀ ಗಲತೀ ನಹೀ ಹೈ. ಸೂರಜ್ ಚಿಕ್ಕಮ್ಮ ಕೇ ಪೇಟ್ ಪೇ ಆಯಾ ಥಾ." ತಪ್ಪು ನಿನ್ನದಲ್ಲ, ಸೂರ್ಯ ಚಿಕ್ಕಮ್ಮನ ಹೊಟ್ಟೆಯ ಮೇಲೆ ಬಂದಿದ್ದ ಎಂದೆ. ಅಜ್ಜಿಯ ಅಳು ಅಲ್ಲಿಗೇ ನಿಂತಿತು. ನಾನು ಒಳ್ಳೆಯ ಕೆಲಸ ಮಾಡಿದೆನೆಂದು ತಿಳಿದೆ.

ಯಾರೂ ಚಿಕ್ಕಮ್ಮನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು, ಒಂದು ದಿನ ಜಗಳವಾಗಿ ಮುಗಿಯುತ್ತಿತ್ತು. ಪೇಪರಿನಲ್ಲಿ ತೂತಿತ್ತಾ ಎಂದು ಅಜ್ಜಿ ಒಂದೇ ಸಲ ಕೇಳಿದಳು, ಇತ್ತು ಎಂದು ಚಿಕ್ಕಮ್ಮ ಹೇಳಿದಳು. ತುಟಿ ಕೂಡುವುದು ಎರಡನೇ ತಿಂಗಳಲ್ಲೇ, ಗ್ರಹಣ ಬಂದದ್ದು ಐದರಲ್ಲಿ, ಡಾಕ್ಟರೂ ಹಾಗೇ ಹೇಳಿದ್ದಾರೆ ಎಂದು ವಿವರಿಸಿದಳು. ಅಜ್ಜಿ ತಲೆಯಾಡಿಸಿ ಮಗುವನ್ನು ಎತ್ತಿಕೊಂಡು ಹೋದಳು. ಕ್ಲಾಸಿಗೆ ಹೋಗಬೇಡ ಎಂದೂ ಅವಳು ಬಾಯಿಬಿಟ್ಟು ಹೇಳಲಿಲ್ಲ. ಮಗು ಸರಿಯಾಗಲಿ ಅಂದಳು, ಅಷ್ಟೆ. ಆಪರೇಷನ್ ಆಯಿತು, ತುಟಿ ಕೂಡಿತು, ಕೊನೆಗೆ ಒಂದು ತೆಳು ಗೆರೆ ಮಾತ್ರ ಉಳಿಯಿತು. ಆಮೇಲೆ ಮಾತು ಸ್ಪಷ್ಟವಾಗಲಿ, ಆಮೇಲೆ ಸ್ಕೂಲಿಗೆ ಹೊಂದಿಕೊಳ್ಳಲಿ. ಸ್ಟೇಷನ್ ಹತ್ತಿರದ ಕ್ಲಾಸಿನವರು ಎರಡು ಸಲ ಫೋನು ಮಾಡಿ ಸುಮ್ಮನಾದರು. ಚಿಕ್ಕಪ್ಪ ಹೋಟೆಲಿನಿಂದ ತಡವಾಗಿ ಬರತೊಡಗಿದ, ಅಮ್ಮ ಮಾತು ಆ ಕಡೆ ಹೊರಳಿದರೆ ಕುಕ್ಕರ್ ನೋಡಲು ಎದ್ದು ಹೋಗುತ್ತಿದ್ದಳು, ನಾನು ಚಿಕ್ಕಮ್ಮನ ಕಣ್ಣು ತಪ್ಪಿಸುತ್ತಿದ್ದೆ. ನಡುವೆ ಏನೂ ಕಾಣುತ್ತಿರಲಿಲ್ಲ, ಆದರೂ ನಾವೆಲ್ಲ ಅದನ್ನೇ ಸುತ್ತುತ್ತಿದ್ದೆವು. ಒಂದು ದಿನ ನಾನು ಶಾಲೆಯಿಂದ ಬಂದಾಗ ನಾಲ್ಕು ದಪ್ಪ ಪುಸ್ತಕಗಳು ರದ್ದಿಯವನ ಚೀಲದಲ್ಲಿ ಇಳಿದು ಹೋಗುತ್ತಿದ್ದವು. ಕೊಟ್ಟವಳು ಅವಳೇ. ಕಡಪ ಕಲ್ಲಿನ ಮೇಲೆ ಅವಳು ಮತ್ತೆ ಸೀಮೆಸುಣ್ಣ ಹಿಡಿಯಲಿಲ್ಲ.

ನಾನು ಕಾಲೇಜಿಗೆ ಹೋಗುತ್ತಿದ್ದಾಗ, ಒಂದು ಡಿಸೆಂಬರಿನ ಬೆಳಗ್ಗೆ ಮತ್ತೊಂದು ಗ್ರಹಣ ಬಂತು. ಅಜ್ಜಿ ತೀರಿಕೊಂಡು ಎರಡು ವರ್ಷವಾಗಿತ್ತು. ಕಟ್ಟಡ ಕೆಡವುವ ಕಾಗದಕ್ಕೆ ಎಲ್ಲರೂ ಸಹಿ ಹಾಕಿಯಾಗಿತ್ತು. ಶ್ರೇಯಸ್ ಶಾಲೆಯಲ್ಲಿ ಕೊಟ್ಟ ಕಪ್ಪು ಕನ್ನಡಕ ಹಿಡಿದು ಟೆರೇಸಿಗೆ ಹೋಗೋಣ ಎಂದು ಕುಣಿಯುತ್ತಿದ್ದ. ಚಿಕ್ಕಮ್ಮ ಬೆಡ್‌ರೂಮಿನಲ್ಲಿ ಕಿಟಕಿ ಮುಚ್ಚಿಕೊಂಡು ಬಟ್ಟೆ ಮಡಚುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಕರೆದೆ, ಬಾ ಚಿಕ್ಕಮ್ಮ, ಈಗ ತಡೆಯುವವರು ಯಾರಿದ್ದಾರೆ ಎಂದೆ. ಅವಳು ಇನ್ನೊಂದು ಅಂಗಿ ಕೈಗೆತ್ತಿಕೊಂಡಳು. ಒಂಬತ್ತು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ಆಗ ಹೊರಗೆ ಬಂತು, ಹಿಂದಿಯಲ್ಲಿ ಅಲ್ಲ, ಕನ್ನಡದಲ್ಲಿ.

"ಅಜ್ಜಿಗೆ ಹೇಳಿದ್ದು ನಾನು."

"ಗೊತ್ತುಂಟು" ಅಂದಳು. ಕೈಯಲ್ಲಿದ್ದ ಅಂಗಿಯ ತೋಳನ್ನು ನೇರ ಮಾಡಿ ಮಡಚಿದಳು. "ಈ ಕೋಣೆಯಲ್ಲಿ ಇದ್ದದ್ದು ನಾವಿಬ್ಬರೇ ಅಲ್ವಾ."

ಇಷ್ಟು ಸರಳವಾದ ಲೆಕ್ಕ ನನಗೆ ಒಂಬತ್ತು ವರ್ಷ ಹೊಳೆದಿರಲಿಲ್ಲ. ಆ ಮೇ ತಿಂಗಳ ನಂತರವೂ ದಿನಾ ಬೆಳಗ್ಗೆ ನನ್ನ ಜಡೆ ಹಾಕಿದವಳು ಅವಳು. ಹತ್ತನೆಯ ಕ್ಲಾಸಿನ ಪರೀಕ್ಷೆಗೆ ನನಗೆ ಬೆಳಕಿನ ಪಾಠ ಹೇಳಿಕೊಟ್ಟವಳೂ ಅವಳೇ. ಒಮ್ಮೆಯೂ ಕೂದಲು ಜಗ್ಗಿರಲಿಲ್ಲ. ನಾನು ಅವಳ ಪಕ್ಕ ಕೂರಲು ಹೋದೆ, ಅವಳು ಬಿಡಲಿಲ್ಲ. ಶ್ರೇಯಸ್ಸನ್ನು ಮೇಲೆ ಕರೆದುಕೊಂಡು ಹೋಗು, ಬರಿಗಣ್ಣಲ್ಲಿ ನೋಡಲು ಬಿಡಬೇಡ ಎಂದು ಕಳಿಸಿದಳು. ನಾನು ಆ ಬಾಗಿಲನ್ನು ಗೋಡೆಗೆ ತಾಗುವಷ್ಟು ಅಗಲ ತೆರೆದಿಟ್ಟು, ಅದು ಮುಚ್ಚದಂತೆ ಅಡ್ಡಕ್ಕೆ ಸ್ಟೂಲು ಇಟ್ಟು ಟೆರೇಸಿಗೆ ಹೋದೆ. ಅಲ್ಲಿ ಸೊಸೈಟಿಯ ಮಕ್ಕಳೆಲ್ಲ ಗಲಾಟೆ ಮಾಡುತ್ತಿದ್ದರು. ನಾನು ಎರಡೆರಡು ಸಲ ಮೆಟ್ಟಿಲ ಕಡೆ ನೋಡಿದೆ.

ಇಳಿದು ಬಂದಾಗ ಸ್ಟೂಲು ಪಕ್ಕಕ್ಕೆ ಸರಿದಿತ್ತು, ಬಾಗಿಲು ಮುಚ್ಚಿತ್ತು. ಮೆಲ್ಲಗೆ ತಳ್ಳಿದೆ. ಹೊರಗಿನ ಚಿಲಕ ಹಾಗೇ ನೇತಾಡುತ್ತಿತ್ತು, ಬಿದ್ದಿದ್ದದ್ದು ಒಳಗಿನದು.

"ಬಿಟ್ಟಿತಾ?" ಎಂದು ಚಿಕ್ಕಮ್ಮ ಒಳಗಿನಿಂದ ಕೇಳಿದಳು.

"ಬಿಟ್ಟಿತು ಚಿಕ್ಕಮ್ಮ" ಅಂದೆ. ಅವಳು ಚಿಲಕ ತೆಗೆಯುವ ಸದ್ದಿಗೆ ಕಾಯುತ್ತಾ ಬಾಗಿಲ ಹೊರಗೆ ನಿಂತೇ ಇದ್ದೆ.